ಒಂದು ಗೇಣು ಎಡಕ್ಕೆ

ನಾನು ಬಂದೂಕಿನ ಬೆನ್ನ ಮೇಲೆ ಕೂರುವ ದುರ್ಬೀನು. ಪೊಲೀಸರ ಬಾಯಲ್ಲಿ ಸ್ಕೋಪು. ಹುಟ್ಟಿದ್ದು ಧೂಳಿಲ್ಲದ ಕೋಣೆಯಲ್ಲಿ, ಕೈಗವಸು ತೊಟ್ಟವರ ನಡುವೆ. ಆಮೇಲೆ ಅಂಥ ಮರ್ಯಾದೆ ಸಿಕ್ಕಿಲ್ಲ. ನನ್ನ ಬಳೆ ತಿರುಗಿಸಿದರೆ ದೂರದವನು ಆರು ಪಟ್ಟು ಹತ್ತಿರ ಬರುತ್ತಾನೆ. ಗಾಜಿನೊಳಗೆ ಗೆರೆಗಳು ಕೂಡುವಲ್ಲಿ ಕೆಂಪು ಚುಕ್ಕೆ ಬೆಳಗುತ್ತದೆ. ಎಷ್ಟು ಹತ್ತಿರ ತಂದರೂ ಮನುಷ್ಯ ಚೆಂದ ಕಂಡದ್ದಿಲ್ಲ.

ಜಿಲ್ಲಾ ಮೀಸಲು ಪಡೆಯಲ್ಲಿ ಗುರಿಕಾರ ಪುಟ್ಟಮಾದನ ಪಾಲಿಗೆ ಬಂದೆ. ಗುಂಡು ಹೊಡೆದು ನೋಡಿ ನೋಡಿ, ನನ್ನ ಚುಕ್ಕೆ ಇದ್ದಲ್ಲೇ ಗುಂಡು ಬೀಳುವಂತೆ ನನ್ನನ್ನು ಕೂಡಿಸಲು ಅವನಿಗೆ ಎರಡು ದಿನ ಹಿಡಿಯಿತು. ಕೆಡಿಸಲು ಶಸ್ತ್ರಾಗಾರದ ಹವಾಲ್ದಾರ ಜವರಾಯನಿಗೆ ಒಂದು ಆಯುಧಪೂಜೆ ಸಾಕಾಯಿತು. ಬಂದೂಕಿನಿಂದ ಬಿಚ್ಚಿದ, ಒರೆಸಿದ, ಗಾಜಿಗೇ ಕುಂಕುಮವಿಟ್ಟ, ಮಂಗಳಾರತಿ ಎತ್ತಿ ಮತ್ತೆ ತಿರುಪು ಬಿಗಿದ. ಭಕ್ತಿ ನೆಟ್ಟಗಿತ್ತು, ನಾನು ಸೊಟ್ಟಗಿದ್ದೆ.

ಮರುದಿನವೇ ಬಸ್ ಡಿಪೋದಲ್ಲಿ, ಕೆಲಸ ಕಳೆದುಕೊಂಡ ಡ್ರೈವರೊಬ್ಬ ಮ್ಯಾನೇಜರ್ ಶೇಷಪ್ಪನ ಕುತ್ತಿಗೆಗೆ ಮಚ್ಚು ಹಿಡಿದು ಕಿಟಕಿಯಲ್ಲಿ ನಿಂತ. ಎದುರು ಮಹಡಿಯಲ್ಲಿ ನಾವು. ಡ್ರೈವರನ ಹಣೆ ನನ್ನ ಚುಕ್ಕೆಯಲ್ಲಿತ್ತು. ಅದರ ಎಡಕ್ಕೆ ಒಂದು ಗೇಣು ದೂರದಲ್ಲಿ ಶೇಷಪ್ಪನ ಬೆವರಿದ ಬೋಳುತಲೆ. ಇನ್ಸ್‌ಪೆಕ್ಟರ್ ಪ್ರಭುಲಿಂಗ ಹೊಡೆಯಲು ಹೇಳಿದರು.

ಪುಟ್ಟಮಾದ ಬೆರಳು ತೆಗೆದ. "ಪೂಜೆಗೆ ಇದ್ನ ಬಿಚ್ಚವ್ರೆ ಸಾರ್. ಆಮೇಲೆ ಹೊಡ್ದು ನೋಡಿಲ್ಲ. ಗುಂಡು ಯಾರ್ಗೆ ಬೀಳ್ತದೋ ನಂಗೊತ್ತಿಲ್ಲ."

"ಪುಕ್ಕಲು ಅಂತ ಒಪ್ಕೊ. ದೇವ್ರ ಮೇಲೆ ಹಾಕ್ಬೇಡ."

ಹೇಡಿ, ಅಪಶಕುನ ಎಂದು ಇನ್ನೂ ಏನೇನೋ ಅಂದರು. ಅವನು ಹೊಡೆಯಲಿಲ್ಲ. ಅಷ್ಟರಲ್ಲಿ ಡ್ರೈವರು ಬೀಡಿ ಕೇಳಿದ, ಕೊಟ್ಟರು. ಕಡ್ಡಿ ಗೀರಲು ಎರಡು ಕೈ ಬೇಕು. ಮಚ್ಚು ಕೆಳಗಿಟ್ಟ, ಸಿಕ್ಕಿಬಿದ್ದ.

ಪುಟ್ಟಮಾದನ ಮೇಲಿನ ವಿಚಾರಣೆಯ ದಿನ ನನ್ನನ್ನು ಪರೀಕ್ಷಿಸಿದರು. ಡಿಪೋದಲ್ಲಿದ್ದಷ್ಟೇ ದೂರ, ನೂರು ಮೀಟರಿನಲ್ಲಿ, ಗುಂಡು ಬಿದ್ದದ್ದು ಚುಕ್ಕೆಯಿಂದ ಒಂದು ಗೇಣು ಎಡಕ್ಕೆ. ಎಲ್ಲರೂ ಕೆಮ್ಮಿದರು. ಸ್ಕೋಪಿನಲ್ಲಿ ದೋಷ ಎಂದು ಬರೆದು ನನ್ನನ್ನು ಕಪಾಟಿಗೆ ಹಾಕಿದರು. ಆಜ್ಞೆ ಮೀರಿದ್ದಕ್ಕೆ ಪುಟ್ಟಮಾದನಿಗೆ ಗೇಟಿನ ಪಹರೆ. ಬದುಕುಳಿದ ಶೇಷಪ್ಪ ಇನ್ಸ್‌ಪೆಕ್ಟರಿಗೆ ಶಾಲು ಹೊದಿಸಿದ.

ಈ ವರ್ಷದ ಆಯುಧಪೂಜೆಗೂ ಜವರಾಯ ನನ್ನನ್ನು ಹೊರತೆಗೆದು ಕುಂಕುಮವಿಟ್ಟ. ಪ್ರಸಾದಕ್ಕೆ ಬಂದ ಪುಟ್ಟಮಾದ ಲಾಠಿ ಕಂಕುಳಲ್ಲಿಟ್ಟು, ನನ್ನ ಗಾಜನ್ನು ಕರ್ಚೀಫಿನಿಂದ ಒರೆಸಿದ.

"ಬಿಚ್ಚಿದ್ದು ನೀವು, ಕೆಟ್ಟಿದ್ದು ಇದು."

"ಕಡ್ಲೆಪುರಿ ತಕ್ಕೊಂಡು ಗೇಟಿಗೆ ಹೋಗಯ್ಯ," ಎಂದ ಜವರಾಯ. ಪುಟ್ಟಮಾದ ಹೋದ ಮೇಲೆ, ಒರೆಸಿದ ಗಾಜಿಗೇ ಮತ್ತೆ ಕುಂಕುಮವಿಟ್ಟ.