ಉತ್ತರ ಕೊಟ್ಟವರು ಮೂರು ಜನ

ಅವಳನ್ನ ಮನೇಲಿ ಕರೀತಿದ್ದಿದ್ದು ಪಟಾಕಿ ಅಂತ. ಬಾಯಿ ಒಂದ್ಸಲ ಹೊತ್ಕೊಂಡ್ರೆ ಆರ್ತಿರಲಿಲ್ಲ. ಅವತ್ತು ಮಧ್ಯಾಹ್ನ ಅಪ್ಪನ ಅಂಗಡೀಲಿ ಸ್ಟೂಲ್ ಮೇಲೆ ಕಾಲು ಮಡಚ್ಕೊಂಡು ಕೂತು, ನ್ಯೂಟ್ರಿಷನ್ ಡಿಗ್ರಿ ಇರೋ ನಾಲ್ಕು ಕಾಲೇಜುಗಳನ್ನ ಫೋನಲ್ಲಿ ಅಳೆದೂ ಸುರಿದೂ ನೋಡ್ತಿದ್ಲು. ಸಂಜೆ ಐದರೊಳಗೆ ಯಾವುದಾದ್ರೂ ಒಂದ್ರಲ್ಲಿ ಸೀಟಿಗೆ ಮುಂಗಡ ಕಟ್ಬೇಕಿತ್ತು.

ಅಪ್ಪಂದು ತೂಕದ ಮಷಿನ್ ರಿಪೇರಿ. ತರಕಾರಿಯವಂದೊಂದು ಮಷಿನ್ ಹೊಟ್ಟೆ ಬಿಚ್ಚಿಟ್ಟು, ಒಂದು ಕೇಜಿ ಬಟ್ಟು ಮೇಲಿಡೋದು, ತಿರುಪು ತಿರುಗ್ಸೋದು, ಮತ್ತೆ ಇಡೋದು.

"ಅಪ್ಪ, ಇಲ್ಕೇಳು. ಡಿಗ್ರಿ ಮುಗಿದು ಮೂರು ವರ್ಷಕ್ಕೆ ಯಾರ್ ಎಷ್ಟು ದುಡೀತಾರೆ, ಎಷ್ಟು ಸಾಲ ಉಳಿದಿದೆ, ಎಲ್ಲಾ ಹಾಕಿದ್ದಾರೆ. ಫಸ್ಟ್ ಯಾವ್ದು ಗೊತ್ತಾ? ಅಕ್ಕಂದು! ಅಕ್ಕನ ಕಾಲೇಜು! ಸಂಬಳ ಸರಾಸರಿ ನಲವತ್ತು ಸಾವಿರ, ಸಾಲ ಬರೀ ಎರಡು ಲಕ್ಷ. ಎರಡನೇದ್ರಲ್ಲಿ ಸಂಬಳ ಮೂವತ್ನಾಲ್ಕೇ. ಸಾಲಾನೂ ಜಾಸ್ತಿ, ಎರಡೂಕಾಲು."

"ಎರಡನೇದಕ್ಕೇ ಸೇರ್ಕೋ," ಅಂದ ಅಪ್ಪ, ತಲೆ ಎತ್ತದೆ.

"ಯಾಕೆ? ನೀನು ತೂಕ ನೋಡೋನಾ, ಕಣಿ ಹೇಳೋನಾ?"

ಅಪ್ಪ ನಗಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು, ಅಥ್ವಾ ಗೊತ್ತಿದೆ ಅನ್ಕೊಂಡಿದ್ಲು. ಅಕ್ಕ ಅದೇ ಕಾಲೇಜಲ್ಲಿ ಓದಿ, ರಿಸಲ್ಟ್ ಬಂದ ಹದಿನೆಂಟನೇ ದಿನ ಮೂರು ದಿನದ ಜ್ವರಕ್ಕೆ ಹೋಗ್ಬಿಟ್ಟಿದ್ಲು. ಅಮ್ಮ ಆ ದಾರೀಲಿ ಬಸ್ಸೂ ಹತ್ತಲ್ಲ.

"ನಂಗೂ ಆ ಹೆಸರು ಓದೋಕೆ ಕಷ್ಟಾನೇ ಅಪ್ಪ. ಆದ್ರೂ ನೋಡು, ಇದು ಅಕ್ಕನ ಬ್ಯಾಚಿನ ಲೆಕ್ಕಾನೇ. ಅವಳಿದ್ದಿದ್ರೆ ಇಷ್ಟೇ ದುಡೀತಿದ್ಲೇನೋ."

ಅಪ್ಪ ಬಟ್ಟನ್ನ ಮೇಜಿನ ಮೇಲಿಟ್ಟ.

"ಅದರಲ್ಲಿ ಎಷ್ಟು ಜನ ಅಂತ ಹಾಕಿದ್ದಾರಾ ನೋಡು."

ಅವಳು ಬೆರಳಾಡಿಸಿದ್ಲು. ಎರಡನೇ ಕಾಲೇಜಲ್ಲಿ ಎಂಬತ್ತು ಜನ. ಅಕ್ಕನ ಕಾಲೇಜಿನ ಕೆಳಗೆ ಇರುವೆ ಸೈಜಿನ ಅಕ್ಷರ: ಉತ್ತರ ಕೊಟ್ಟವರು ಮೂರು ಜನ.

"ಆ ಮೂರರಲ್ಲಿ ಒಂದು ನಾನು ಕಣೇ."

ಪಟಾಕಿಗೆ ಅರ್ಥ ಆಗ್ಲಿಲ್ಲ. ಅಪ್ಪ ಕೈ ಒರೆಸ್ಕೊಂಡು, ಯಾರದೋ ತಪ್ಪು ಹೇಳೋ ಹಾಗೆ ಹೇಳಿದ. ಅಕ್ಕ ಹೋಗಿ ಒಂದು ವರ್ಷಕ್ಕೆ ಕಾಲೇಜಿಂದ ಒಬ್ಬ ಹುಡುಗಿ ಫೋನ್ ಮಾಡಿದ್ಲಂತೆ. ಮಗಳು ಇದ್ದಾರಾ ಅಂದ್ಲಂತೆ. "ಇಲ್ಲಮ್ಮ ಅಂದೆ. 'ಓ, ಕೆಲಸಕ್ಕೆ ಹೋಗಿದ್ದಾರಾ?' ಅಂದ್ಲು. ಎಷ್ಟು ಸಲೀಸಾಗಿ ಕೇಳಿದ್ಲು ಗೊತ್ತಾ. ಹೂಂ ಅಂದ್ಬಿಟ್ಟೆ."

"ಅಪ್ಪ…"

"ಎಲ್ಲಿ ಅಂದ್ಲು. ದೊಡ್ಡಾಸ್ಪತ್ರೇಲಿ ಅಂದೆ. ಸಂಬಳ ನಲವತ್ತು ಅಂದೆ. ವರ್ಷ ವರ್ಷಾನೂ ಫೋನ್ ಬರೋದು. ಮುಂದಿನ ವರ್ಷ ಐವತ್ತು ಅಂದೆ, ಅದರ ಮುಂದಿನ ವರ್ಷ ಅರವತ್ತೈದು. ಇಂಕ್ರಿಮೆಂಟ್ ಕೊಡ್ದೇ ಇರ್ತಾರಾ, ಅಷ್ಟು ಚೆನ್ನಾಗಿ ಕೆಲ್ಸ ಮಾಡೋ ಹುಡುಗಿಗೆ?"

"ಸಾಲ?"

"ಅದು ಸುಳ್ಳಲ್ಲ. ಡೆತ್ ಸರ್ಟಿಫಿಕೇಟ್ ನೋಡಿ ಬ್ಯಾಂಕಿನವರೇ ಮನ್ನಾ ಮಾಡಿದ್ರು. ಇಲ್ಲ ಅಂತ ಬರ್ಸಿದೆ." ಅಪ್ಪ ಗೋಡೆ ನೋಡ್ತಾ ಅಂದ, "ಫೋನ್ ಇಟ್ಟ ಮೇಲೆ ಒಂದರ್ಧ ಗಂಟೆ ಅವಳು ಡ್ಯೂಟೀಲಿದ್ದಾಳೆ ಅಂತಲೇ ಅನ್ಸೋದು ಕಣೇ."

ಪಟಾಕಿ ಫೋನಲ್ಲೇ ಲೆಕ್ಕ ಮಾಡಿದ್ಲು. ಅಕ್ಕನ್ನ ತೆಗೆದ್ರೆ ಉಳಿದಿಬ್ಬರ ಸಂಬಳ ಇಪ್ಪತ್ತೇಳೂವರೆ ಸಾವಿರ. ಸಾಲ ಮೂರು ಲಕ್ಷ. ನಾಲ್ಕರಲ್ಲಿ ಎಲ್ಲಕ್ಕಿಂತ ಕೆಳಗೆ. ಇದೇ ಹೊತ್ತಲ್ಲಿ ಎಷ್ಟು ಹುಡುಗೀರು ಇದೇ ಪೇಜ್ ನೋಡಿ ಕುಣೀತಿದ್ದಾರೋ ಅನ್ಸಿ ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟೊಟ್ಟಿಗೆ ಬಂತು.

"ಹೇಳ್ಬೇಕಪ್ಪ. ಯಾರಾದ್ರೂ ನಂಬ್ಕೊಂಡು ಮೂರು ಲಕ್ಷ ಸಾಲ ತಲೆ ಮೇಲೆ ಹಾಕ್ಕೋತಾರೆ."

ಅಪ್ಪ ಅವಳ ಸ್ಟೂಲ್ ಹತ್ರ ಬಂದು, ನಂಬರ್ ಒತ್ಕೊಡು ಅಂದ. ಅವಳು ಪೇಜಿನ ಕೊನೇಲಿದ್ದ ಕಾಲೇಜಿನ ನಂಬರ್ ಒತ್ತಿ ಸ್ಪೀಕರ್ ಹಾಕಿದ್ಲು. ಅಪ್ಪ ಅಕ್ಕನ ರೋಲ್ ನಂಬರ್ ಗಿಣಿಪಾಠದ ಥರ ಹೇಳಿದ.

"ಇದ್ದಾರಾ ಸಾರ್, ಮಾತಾಡ್ಬಹುದಾ?" ಅಂದ್ಲು ಆ ಕಡೆಯ ಹುಡುಗಿ.

"ಅವಳು ಇಲ್ಲಮ್ಮ."

"ಪರವಾಗಿಲ್ಲ ಸಾರ್, ಸಂಜೆ ಮಾಡ್ತೀವಿ."

ಅಪ್ಪ ಪಟಾಕಿ ಮುಖ ನೋಡಿದ. ಅವಳು ಫೋನನ್ನ ಅವನ ಹತ್ರ ಸರಿಸಿದ್ಲು.

"ಸಂಜೇನೂ ಇರಲ್ಲಮ್ಮ. ತೀರ್ಕೊಂಡು ನಾಲ್ಕು ವರ್ಷ ಆಗ್ತಾ ಬಂತು. ನಾನು ಸುಳ್ಳು ಬರ್ಸಿದ್ದೆ."

ಆ ಕಡೆ ಕೀಬೋರ್ಡ್ ಶಬ್ದ ನಿಂತು, ಮತ್ತೆ ಶುರುವಾಯ್ತು. "ಸಾರ್… ಸಾರಿ ಸಾರ್. ಇದ್ರಲ್ಲಿ ಅದಕ್ಕೊಂದು ಜಾಗಾನೇ ಕೊಟ್ಟಿಲ್ಲ. 'ಕೆಲಸದಲ್ಲಿಲ್ಲ, ಸಂಬಳ ಸೊನ್ನೆ' ಅಂತ ಹಾಕ್ಲಾ?"

"ಸೊನ್ನೆ ಬೇಡ," ಅಂದ್ಲು ಪಟಾಕಿ. "ಅವಳು ಸೊನ್ನೆ ಅಲ್ಲ. ಅವಳನ್ನ ಲೆಕ್ಕದಿಂದಾನೇ ತೆಗೀರಿ."

ತೆಗೀರಿ ಅಂದಿದ್ದು ತನ್ನ ಬಾಯೇನಾ ಅಂತ ಅವಳಿಗೇ ಅನುಮಾನ ಬಂತು.

ನಾಲ್ಕೂ ಮುಕ್ಕಾಲಿಗೆ ಎರಡನೇ ಕಾಲೇಜಿಗೆ ದುಡ್ಡು ಕಟ್ಟಿದ್ಲು. ಸೀಟು ಸಿಕ್ತು ಅಂತ ಹಸಿರು ಟಿಕ್ ಬಂತು. ಅವಳು ತೋರಿಸಿದ್ಲು. ಅಪ್ಪ ಒಳ್ಳೇದು, ಒಳ್ಳೇದು ಅಂತ ಎರಡು ಸಲ ತಲೆ ಆಡಿಸಿ, ಮಷಿನ್ ಮುಚ್ಚಳ ಕೂರಿಸೋಕೆ ಹೋದ. ತಿರುಪು ತೂತಿಗೆ ಇಳೀತಿರಲಿಲ್ಲ. ಅವಳೇ ಮುಚ್ಚಳ ಒತ್ತಿ ಹಿಡಿದ್ಲು.

"ಈ ಸಲ ಎಪ್ಪತ್ತು ಹೇಳೋಣ ಅಂತಿದ್ದೆ," ಅಂದ ಅಪ್ಪ.