ಮೆಟ್ಟಿಲಿಗೆ ಬೂದಿ

ನೌರೀನ್ ಮೊರದಿಂದ ಬೂದಿ ತೆಗೆದು ಪಾಚಿ ಕಟ್ಟಿದ ಕಲ್ಲುಮೆಟ್ಟಿಲಿಗೆ ಎರಚುತ್ತಿದ್ದಳು. ಕಳಸದ ಈ ಓಣಿಯ ಮೆಟ್ಟಿಲುಗಳು ಮೆಣಸಿನ ಹೇರು ಹೊತ್ತ ಎತ್ತುಗಳ ಕಾಲದವು. ನಡುವೆ ಸವೆದು ಬಟ್ಟಲಾಗಿವೆ. ಮನೆಯೊಳಗೆ ತೀರಿಕೊಂಡ ಅಮ್ಮ ರೌಶನ್ ಬೀಗೆ ಕಫನ್ ಬಟ್ಟೆ ಹೊದಿಸಿಯಾಗಿತ್ತು.

"ಆಪಾ, ಹಟ ಬೇಡ," ಎಂದ ತಮ್ಮ ಜುನೈದ್. "ಮನೆ ಹಿಂದಿನ ಎಸ್ಟೇಟಿನವ್ರು ಇವತ್ತೊಂದಿನ ಗೇಟ್ ತೆಗೀತಾರೆ. ಜೀಪಲ್ಲಿ ಒಯ್ಯೋಣ. ಇಲ್ಲಿ ಯಾರಾದ್ರೂ ಜಾರಿದ್ರೆ, ಅಮ್ಮಿ ಮೆಟ್ಲು ಉಳಿಸಿದ್ದಕ್ಕೆ ಸರಿಯಾಯ್ತು ಅಂತ ಊರೆಲ್ಲ ಆಡ್ಕೊಳ್ಳತ್ತೆ."

"ಯಾರೂ ಜಾರಲ್ಲ. ಅಮ್ಮಿ ಇದ್ರ ಮೇಲೇ ಹೋಗ್ಬೇಕು."

*

ಎರಡು ವರ್ಷದ ಹಿಂದೆ ಮೆಟ್ಟಿಲು ಕಿತ್ತು ರಸ್ತೆ ಮಾಡುವ ಮಾತು ಬಂದಿತ್ತು. ಅದಕ್ಕೆ ರೌಶನ್ ಬೀಯ ಮನೆಯ ಜಗಲಿ ಹೋಗಬೇಕಿತ್ತು. ಮೇಲಿನ ಮನೆಯ ದಯಾನಂದ ಕೈಮುಗಿದು ಕೇಳಿದ್ದ.

"ಬೀಬಮ್ಮ, ಮೂಟೆ ಹೊತ್ತು ಸಾಕಾಗಿದೆ. ಮನೆ ಬಾಗ್ಲಿಗೊಂದು ಜೀಪು ಬರ್ಲಿ."

"ಸಂತೆಯಿಂದ ಹತ್ತಿ ಬರೋ ನಿಮ್ಮಮ್ಮ ಎಲ್ಲಿ ಕೂತ್ಕೋಬೇಕು ಮಾರಾಯ?"

"ಅವಳೂ ಜೀಪಲ್ಲೇ ಬರ್ತಾಳೆ."

"ನೀನಿರೋ ದಿನ ಸರಿ. ಇಲ್ಲದ ದಿನ?"

ರೌಶನ್ ಬೀ ಜಗಲಿ ಬಿಟ್ಟುಕೊಡಲಿಲ್ಲ. ರಸ್ತೆ ನಿಂತಿತು, ಅವನ ಮಾತೂ ನಿಂತಿತು. ಅಂದಿನಿಂದ ಅವನು ಜಗಲಿಯತ್ತ ನೋಡದೆ ಓಡಾಡಿದ. ಅವನ ತಾಯಿ ದೇವೀರಮ್ಮ ಮಾತ್ರ ಪ್ರತಿ ಸಂತೆಗೂ ಅಲ್ಲೇ ಚೀಲ ಇಳಿಸಿ, ನೀರು ಕುಡಿದು, ಏದುಸಿರು ತಣಿದ ಮೇಲೆ ಏಳುತ್ತಿದ್ದಳು. ಅಮ್ಮ ತಪ್ಪು ಮಾಡಿದಳೇನೋ ಎಂದು ನೌರೀನ್‌ಗೆ ಎಷ್ಟೋ ಸಲ ಅನ್ನಿಸಿತ್ತು. ಮೂಟೆ ಹೊತ್ತ ದಯಾನಂದನ ಕುತ್ತಿಗೆಯ ನರಗಳನ್ನು ಅವಳೂ ನೋಡಿದ್ದಳು.

*

ಓಣಿಯ ತಿರುವಿಗೆ ಬರುವಷ್ಟರಲ್ಲಿ ಬೂದಿ ಮುಗಿಯಿತು. ಗ್ಯಾಸ್ ಒಲೆಯ ಮನೆಯಲ್ಲಿ ಎಷ್ಟೆಂದು ಇದ್ದೀತು? ಅಲ್ಲಿಂದಾಚೆಗೇ ಜಾರಿಕೆ ಹೆಚ್ಚು. ನೌರೀನ್ ಕೂತು ಕತ್ತಿಯ ಬೆನ್ನಿನಿಂದ ಪಾಚಿ ಕೆರೆಯತೊಡಗಿದಳು. ಅಳು ಬರುತ್ತಿತ್ತು, ಕೈ ನಿಲ್ಲಿಸಲಿಲ್ಲ.

ಮೇಲಿನಿಂದ ದಯಾನಂದ ತಲೆಯ ಮೇಲೆ ಬುಟ್ಟಿ ಹೊತ್ತು ಬರಿಗಾಲಲ್ಲಿ ಇಳಿದು ಬಂದ.

"ಬಚ್ಚಲೊಲೆ ಬೂದಿ. ಅಮ್ಮ ಕಳಿಸಿದ್ಲು."

ಇಬ್ಬರೂ ಕೊನೆಯ ಮೆಟ್ಟಿಲಿನವರೆಗೂ ಎರಚಿದರು. ಬುಟ್ಟಿ ಖಾಲಿಯಾದಾಗ ನೌರೀನ್ ನೇರವಾಗಿ ಕೇಳಿದಳು, "ದಯಣ್ಣ, ಹೆಗಲು ಕೊಡ್ತೀರಾ?"

ಅವನು ಕೈ ಕೊಡವಿಕೊಂಡ. "ರಸ್ತೆ ವಿಷ್ಯದಲ್ಲಿ ನಂಗೆ ಈಗ್ಲೂ ಸಿಟ್ಟಿದೆ."

"ಇರ್ಲಿ."

"ಹೊರೆ ಹೊತ್ತು ಇಳಿದಿಳಿದು ಈ ಮೆಟ್ಲು ನನ್ನ ಕಾಲಿಗೆ ಗೊತ್ತು. ಮುಂದ್ಗಡೆ ನಾನೇ ಹಿಡೀತೀನಿ."

ಅಮ್ಮನನ್ನು ಹೊತ್ತ ಜನಾಜಾ ಹೊರಟಿತು. ಇಳಿಜಾರಿನಲ್ಲಿ ಅದು ಮುಂದಕ್ಕೆ ವಾಲದಂತೆ ದಯಾನಂದ ತೋಳು ಚಾಚಿ ಎತ್ತಿ ಹಿಡಿದಿದ್ದ. ಹಿಂದೆ ಜುನೈದ್. ತಿರುವಿನಲ್ಲಿ ಹೆಗಲು ಬದಲಾದವು. ಮುಂದಿನವನು ಮಾತ್ರ ಬದಲಾಗಲಿಲ್ಲ.

ದೇವೀರಮ್ಮ ಇಳಿದು ಬಂದು ಜಗಲಿಯ ತನ್ನ ಜಾಗದಲ್ಲಿ ಕೂತಳು. ನೌರೀನ್ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಕೆಳಗೆ ಓಣಿ ಖಾಲಿಯಾಗಿತ್ತು. ಬೂದಿಯ ಮೇಲೆ ಹೆಜ್ಜೆಗಳು ಸಾಲಾಗಿ ಪೇಟೆಯವರೆಗೂ ಇಳಿದಿದ್ದವು, ಒಂದೂ ಜಾರಿರಲಿಲ್ಲ.