ಅರೆಕಿಪಾದ ಮಾಡುಗಳು

ಅರೆಕಿಪಾ ಪೆರು ದೇಶದ ಒಂದು ಪ್ರಾಂತ್ಯದ ರಾಜಧಾನಿ. ಸಮುದ್ರಮಟ್ಟದಿಂದ 2,335 ಮೀಟರ್ ಎತ್ತರ. ಸ್ಪೇನಿನವರು 1540ರಲ್ಲಿ ಕಟ್ಟಿದ ಊರು. ಎರಡು ತಿಂಗಳು ಓದಿ ಇದನ್ನೆಲ್ಲ ಕಲಿತವಳು ನಾನು. ಮಣಿಪಾಲದ ಪ್ರದರ್ಶನಕ್ಕೆ ಬೆಳ್ಮಣ್ಣಿನ ನಮ್ಮ ಶಾಲೆಯ ಮಾದರಿಗಳನ್ನು ಒಂಬತ್ತು ವರ್ಷ ಮಾಡಿ, ಪಕ್ಕದಲ್ಲಿ ನಿಂತು ವಿವರಿಸಿದವಳೂ ನಾನೇ. ಈ ಸಲ ಮಾತ್ರ ಹೆಡ್‌ಮಾಸ್ಟರ್ ಹೇಳಿದರು: "ಚೈತಾಲಿ ಟೀಚರ್, ಅರೆಕಿಪಾದ ಮಾದರಿ ನೀವು ಮಾಡಿ. ವಿವರಣೆ ಲೊರ್ನಾ ಟೀಚರ್ ಕೊಡಲಿ. ಅವರು ಆ ಊರು ಕಣ್ಣಾರೆ ಕಂಡವರು ಅಲ್ವಾ?"

ಶಿರ್ವದ ಲೊರ್ನಾ ಇಂಗ್ಲಿಷ್ ಟೀಚರ್. ಗಂಡನಿಗೆ ಹಡಗಿನಲ್ಲಿ ಕೆಲಸ. ಅವನ ಜೊತೆ ಪೆರುವಿನ ಬಂದರಿಗೆ ಹೋದಾಗ ಮೂರು ದಿನ ಅರೆಕಿಪಾದಲ್ಲಿದ್ದಳಂತೆ. ಮೂರು ದಿನ! ಅಲ್ಲಿನ ಮಿಸ್ತಿ ಜ್ವಾಲಾಮುಖಿಯ ಎತ್ತರ ಕೇಳಿದರೆ "ತುಂಬ ಉಂಟು ಮಾರಾಯ್ರೆ" ಎನ್ನುತ್ತಾಳೆ. ಮಕ್ಕಳು ಅದಕ್ಕೇ ಬಾಯಿಬಿಟ್ಟು ಕೂರುತ್ತಾರೆ. 5,822 ಮೀಟರ್ ಎಂದು ನಾನು ಹೇಳಿದಾಗ ಯಾರೂ ತಲೆ ಎತ್ತಿರಲಿಲ್ಲ.

"ಒಮ್ಮೆ ತೋರಿಸಿ ಟೀಚರ್. ಎಂತ ಬಟ್ಟೆ ಹೊದಿಸಿಟ್ಟದ್ದು, ಮದುಮಗಳಾ ಅದು?" ಎನ್ನುತ್ತ ಅವಳು ಎರಡು ಸಲ ಲ್ಯಾಬಿಗೆ ಬಂದಳು.

"ಬಣ್ಣ ಒಣಗಿಲ್ಲ" ಎಂದೆ. ಒಣಗಿ ವಾರವಾಗಿತ್ತು.

ಪ್ರದರ್ಶನದ ದಿನ ಮೇಜಿನ ಮೇಲಿಟ್ಟ ನಂತರವೇ ಮಾದರಿಯ ಬಟ್ಟೆ ತೆಗೆದೆ. ಮೂವತ್ತೈದು ಸೆಂಟಿಮೀಟರಿನ ಮಿಸ್ತಿ, ಊರ ನಡುವೆ ಹರಿಯುವ ನೀಲಿ ಚಿಲಿ ನದಿ, ಜ್ವಾಲಾಮುಖಿಯ ಬಿಳಿ ಕಲ್ಲಿನಂತೆ ಕಾಣಲು ಸುಣ್ಣ ಬಳಿದ ಗೋಡೆಗಳು. ಲೊರ್ನಾ ಏನೋ ಹೇಳಲು ನನ್ನ ತೋಳು ಮುಟ್ಟಿದಳು. ಅಷ್ಟರಲ್ಲಿ ತೀರ್ಪುಗಾರರು ಬಂದು ಬಗ್ಗಿ ನೋಡಿದರು.

"ಚಂದ ಉಂಟು. ಆದರೆ ಮನೆಗಳ ಮೇಲಿನ ಮಾಡುಗಳು ಎಂತ ಹೀಗೆ ಇಳಿಜಾರು? ಅಲ್ಲಿನ ಹಳೆಯ ಮನೆಗಳಿಗೆ ಕಲ್ಲಿನ ಕಮಾನು, ಮೇಲೆ ಸಮತಟ್ಟು. ಸುರಿಯುವ ಮಳೆಯೇ ಇಲ್ಲವಲ್ಲ?"

ನಾನೂ ನೋಡಿದೆ. ಇನ್ನೂರು ಮನೆ; ಇನ್ನೂರಕ್ಕೂ ಇಳಿಜಾರು ಮಾಡು, ಹೊರಚಾಚಿದ ಸೂರು. ವರ್ಷಕ್ಕೆ ಹತ್ತು ಸೆಂಟಿಮೀಟರೂ ಮಳೆಯಿಲ್ಲ ಎಂದು ಚಾರ್ಟಿನಲ್ಲಿ ಬರೆದವಳು ನಾನೇ. ಮಾಡು ಎಂದರೆ ನೀರು ಇಳಿಯಬೇಕು ಎಂದು ಬೆಳ್ಮಣ್ಣಿನ ಜಡಿಮಳೆ ಕಂಡ ನನ್ನ ಕೈ ನನ್ನನ್ನು ಕೇಳದೆಯೇ ತೀರ್ಮಾನಿಸಿತ್ತು.

"ಹೋಗಿ ಬಂದವರು ನೀವಲ್ವಾ? ಇವರು ನಿಮಗೆ ತೋರಿಸಲಿಲ್ವಾ?" ಎಂದು ಅವರು ಲೊರ್ನಾಳನ್ನು ಕೇಳಿದರು; ಹೆಡ್‌ಮಾಸ್ಟರ್ ಮೊದಲೇ ಹೇಳಿದ್ದಿರಬೇಕು.

"ತೋರಿಸಿದ್ದರು ಸರ್. ನಾನೇ ಸರಿ ನೋಡಲಿಲ್ಲ."

ಅವರು ನಕ್ಕರು. ಮಕ್ಕಳು ಅವಳಿಗೆ ಇನ್ನಷ್ಟು ಒತ್ತಿ ನಿಂತರು. ವಿವರಣೆ ಅವಳದು, ಊರು ಅವಳದು. ಈಗ ನನ್ನ ತಪ್ಪನ್ನೂ ಅವಳೇ ತೆಗೆದುಕೊಳ್ಳುತ್ತಿದ್ದಳು.

"ಇಲ್ಲ ಸರ್" ಎಂದೆ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ. "ಎರಡು ಸಲ ಕೇಳಿದ್ದರು. ನಾನೇ ತೋರಿಸಲಿಲ್ಲ."